‘ಚಾಪ್’ಗೆ ‘ಕಿರುತೆರೆ’ ಆಗುತ್ತದೆಯೇ?

ಪ್ರಶ್ನೆ (ವಿಜಯಪುರದಿಂದ): ವೇಗದ ವಿಂಡ್‌ಸರ್ಫಿಂಗ್ (ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ನೀರಿನ ಮೇಲೆ ಓಡುವ ಆಟ) ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇವೆ. ನೀರಿನ ಮೇಲೆ ಗಾಳಿ ಎಬ್ಬಿಸುವ ಸಣ್ಣ ತೆರೆಗಳಿಗೆ ಇಂಗ್ಲಿಷಿನಲ್ಲಿರುವ ‘ಚಾಪ್’ ಪದಕ್ಕೆ ‘ಕಿರುತೆರೆ’ ಎನ್ನಬಹುದೇ? ‘ಆಳವಿಲ್ಲದ ನೀರಿನಲ್ಲಿ ಕಿರುತೆರೆ ಏಳುವುದಿಲ್ಲ’ ಎಂಬ ವಾಕ್ಯ ಸರಿಯೇ?

ಉತ್ತರ (ಬಾಗಲಕೋಟೆಯಿಂದ): ‘ಕಿರುತೆರೆ’ ಬ್ಯಾಡ್ರಿ, ಓದುವವರು ಧಾರಾವಾಹಿ ಅಂದುಕೊಂಡಾರು. ‘ಗಾಳಿತೆರೆ’ ಅನ್ನಿ. ಬೀಸುತ್ತಿರುವ ಗಾಳಿ ಅಲ್ಲಿಯೇ ಎಬ್ಬಿಸುವ ಗಿಡ್ಡ, ಕಡಿದಾದ, ಒತ್ತೊತ್ತಿನ ತೆರೆ ಅದು. ದೂರದ ಬಿರುಗಾಳಿಗೆ ಹುಟ್ಟಿ ಸಾಗಿಬರುವ ಕಡಲಲೆಗೆ ಈ ಪದ ಸಲ್ಲದು.

ಇನ್ನು ವಾಕ್ಯ. ಅದರಲ್ಲಿ ಅರ್ಧವಷ್ಟೇ ನಿಜ. ತೆರೆಯ ಎತ್ತರವನ್ನು ಮೊದಲು ನಿರ್ಧರಿಸುವುದು ಗಾಳಿಯ ವೇಗ ಮತ್ತು ಗಾಳಿ ನೀರಿನ ಮೇಲೆ ಅಡ್ಡಿಯಿಲ್ಲದೆ ಓಡಿಬಂದ ದೂರ. ಆಲಮಟ್ಟಿ ಹಿನ್ನೀರಿನಂಥ ಬಯಲು ನೀರಿನ ಮೇಲೆ ಸೆಕೆಂಡಿಗೆ 12 ಮೀಟರ್ ವೇಗದ ಪಡುವಣ ಗಾಳಿ 1 ಕಿ.ಮೀ. ಓಡಿದರೆ ತೆರೆ ಸುಮಾರು 20 ಸೆಂ.ಮೀ. ಏಳುತ್ತದೆ, ಉದ್ದ 3 ಮೀಟರ್ ಆಸುಪಾಸು. ನೀರಿನ ಆಳ ತೆರೆಯ ಉದ್ದದ ಅರ್ಧಕ್ಕಿಂತ ಕಡಿಮೆಯಾದಾಗ ಮಾತ್ರ ಅದಕ್ಕೆ ತಳ ತಾಗುತ್ತದೆ. ಅಂದರೆ ಇಲ್ಲಿ ಒಂದೂವರೆ ಮೀಟರಿಗಿಂತ ಕೆಳಗೆ. ಮೊಣಕಾಲುದ್ದದ ನೀರಾದರೆ ತಳದ ತಿಕ್ಕಾಟ ತೆರೆಯ ಬಲವನ್ನು ಚೆನ್ನಾಗಿಯೇ ತಿನ್ನುತ್ತದೆ. ಆದರೆ ಗಾಳಿ ಬರುವ ಕಡೆಯ ದಂಡೆಯಿಂದ 10 ಮೀಟರಿನೊಳಗೆ ತೆರೆಯ ಉದ್ದ ಒಂದು ಗೇಣೂ ಇರುವುದಿಲ್ಲ, ಎತ್ತರ 2 ಸೆಂ.ಮೀ. ಇದ್ದರೆ ಹೆಚ್ಚು. ಅಲ್ಲಿ ಆಳ ಎಷ್ಟಿದ್ದರೂ ಅಷ್ಟೇ. ವೇಗದವರು ದಂಡೆ ಸವರಿಕೊಂಡು ಓಡುವುದು ಇದಕ್ಕೇ.

ನಮೀಬಿಯಾದ ಲ್ಯೂಡೆರಿಟ್ಜ್‌ನಲ್ಲಿ ಇದಕ್ಕೆಂದೇ ಕಾಲುವೆ ತೋಡಿದ್ದಾರೆ. ಫ್ರಾನ್ಸಿನ ವಿಂಡ್‌ಸರ್ಫರ್ ಆಂಟುವಾನ್ ಆಲ್ಬೋ 2015ರಲ್ಲಿ 500 ಮೀಟರ್ ಓಟಕ್ಕೆ 53.27 ನಾಟ್ (ಗಂಟೆಗೆ ಸುಮಾರು 98.7 ಕಿ.ಮೀ.) ಸರಾಸರಿ ವೇಗ ಸಾಧಿಸಿದ್ದು ಅಲ್ಲಿಯೇ.

ಕೈಪಿಡಿಯಲ್ಲಿ ಇಲ್ಲದಿದ್ದರೆ ಇವನ್ನೂ ಸೇರಿಸಿ. ದಂಡೆ ತಗ್ಗಾಗಿರಬೇಕು. ಗಿಡಮರ, ಎತ್ತರದ ಒಡ್ಡು ಇದ್ದರೆ ನೀರು ನುಣ್ಣಗಿರುತ್ತದೆ, ಆದರೆ ಗಾಳಿ ಹರಕುಮುರುಕಾಗಿ ಹಾಯಿ ಒಮ್ಮೆ ತುಂಬಿ ಒಮ್ಮೆ ಸಡಿಲುತ್ತದೆ. ಎದುರು ದಡದಲ್ಲಿ ನೆಟ್ಟಗಿನ ಕಲ್ಲುಗೋಡೆ ಇದ್ದರೆ ತೆರೆ ಬಡಿದು ಮರಳಿ ಅಡ್ಡಾದಿಡ್ಡಿ ಕುಣಿಯುತ್ತದೆ. ಇಳಿಜಾರಿನ ಮಣ್ಣಾದರೆ ಅಲ್ಲೇ ಅಡಗುತ್ತದೆ. ಹಲಗೆ ತೆರೆಯಿಂದ ತೆರೆಗೆ ಜಿಗಿದಾಗ ಅಡಿಗೆ ಜೋಡಿಸಿದ, ಮೀನಿನ ರೆಕ್ಕೆಯಂಥ ಫಿನ್‌ಗೆ ಗಾಳಿ ಹೊಕ್ಕು ಹಿಡಿತ ತಪ್ಪುತ್ತದೆ, ಬಾಲ ಪಕ್ಕಕ್ಕೆ ಜಾರುತ್ತದೆ. ಫಿನ್ 20 ಸೆಂ.ಮೀ. ಇದ್ದರೆ ಮೊಣಕಾಲುದ್ದದ ನೀರು ಸಾಕೆನಿಸೀತು, ಆದರೆ ಹಿನ್ನೀರಿನಲ್ಲಿ ಮುಳುಗಿದ ಬದು, ಜಾಲಿಕಂಟಿಯ ಬುಡ ಕಾಣುವುದಿಲ್ಲ. ಮೊದಲು ನಡೆದು ನೋಡಬೇಕು.

ನಿಮ್ಮ ವಾಕ್ಯ ಹೀಗಿರಲಿ: ‘ಗಾಳಿ ಬರುವ ದಂಡೆಗೆ ಹತ್ತಿರವಿದ್ದಷ್ಟೂ ಗಾಳಿತೆರೆ ಸಣ್ಣದು, ದಂಡೆ ಬಿಟ್ಟು ದೂರ ಹೋದ ಮೇಲೆ ಅದನ್ನು ತಗ್ಗಿಸುವುದು ಕಡಿಮೆ ಆಳ.’