ಧರೆ ಪಕ್ಕದ ಹಳೇ ಕಾರ್ ಶೆಡ್ಡನ್ನು ಹೊಲಿಗೆ ಕೋಣೆ ಮಾಡಬಹುದಾ?

ಹೊಲಿಗೆಮನೆ · ಫೆಬ್ರವರಿ 9

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕು, ನಗರ ಅನ್ನುವ ಊರಿನ ಹತ್ತಿರದ ಒಂದು ಹಳ್ಳಿ. ಹುಲಿಕಲ್ ಘಾಟಿ ದೂರವಿಲ್ಲ ಅಂದರೆ ಮಳೆ ಎಷ್ಟು ಅಂತ ಬೇರೆ ಹೇಳಬೇಕಾಗಿಲ್ಲ.

ಮನೆ ಪಕ್ಕ ಒಂದು ಕಾರ್ ಶೆಡ್ ಇದೆ. ನಮ್ಮ ಮಾವ ಅಂಬಾಸಿಡರ್ ತಂದಾಗ ಕಟ್ಟಿಸಿದ್ದು. ಕಾರು ಹೋಗಿ 20 ವರ್ಷದ ಮೇಲಾಯಿತು. ಈಗ ಅಲ್ಲಿರುವುದು ಅಡಿಕೆ ಹಾಳೆ, ಮುರಿದ ದೋಟಿ, ಮಗನ ಸಣ್ಣ ಸೈಕಲ್ಲು, ಮತ್ತೆ ವರ್ಷಕ್ಕೆ ಎರಡು ಸಲ ಮರಿ ಹಾಕುವ ಒಂದು ಬೆಕ್ಕು.

ನಾನು ಬ್ಲೌಸ್ ಹೊಲಿಯುತ್ತೇನೆ. 14 ವರ್ಷದಿಂದ ಜಗಲಿಯೇ ನನ್ನ ಅಂಗಡಿ. ನೆಂಟರು ಬಂದರೆ ಬಟ್ಟೆಯೆಲ್ಲ ಗಂಟು ಕಟ್ಟಿ ಒಳಗೆ ಒಯ್ಯಬೇಕು. ಅವರು ಹೋದ ಮೇಲೆ ಯಾರ ಬಟ್ಟೆ ಯಾವ ಗಂಟಿನಲ್ಲಿದೆ ಅಂತ ಹುಡುಕಬೇಕು. ಸಾಕಾಗಿದೆ. ಶೆಡ್ಡನ್ನೇ ಕೋಣೆ ಮಾಡಿಕೊಳ್ಳೋಣ ಅಂತ.

ಅಗಲ 10 ಅಡಿ, ಉದ್ದ 18. ಜಂಬಿಟ್ಟಿಗೆ (ಕೆಂಪು ಕಲ್ಲು) ಗೋಡೆ, ಒಳಗೆ ಸಿಮೆಂಟ್ ಸಾರಣೆ. ಹಿಂದಿನ 11 ಅಡಿಗೆ ಮಂಗಳೂರು ಹಂಚು. ಮುಂದಿನ 7 ಅಡಿ ಆಮೇಲೆ ಎಳೆದದ್ದು, ಅದಕ್ಕೆ ಹಳೇ ಸಿಮೆಂಟ್ ಶೀಟು. ಎದುರಿಗೆ 8 ಅಡಿ ಅಗಲದ ಎರಡು ಮರದ ಬಾಗಿಲು, ಬುಡ ಪೂರ್ತಿ ಕುಂಬಾಗಿದೆ. ನೆಲ ಅಂಗಳದ ಮಟ್ಟಕ್ಕೇ ಇದೆ, ಆಯಿಲ್ ಬಿದ್ದು ಕಪ್ಪಾಗಿದೆ. ಹಿಂದೆ ಧರೆ, ಅಂದರೆ ಎತ್ತರದ ಮಣ್ಣಿನ ದಿಬ್ಬ.

ಮಳೆಗಾಲದಲ್ಲಿ ಹಂಚು ಮೂರು ನಾಲ್ಕು ಕಡೆ ಸೋರುತ್ತದೆ. ಹಿಂದಿನ ಗೋಡೆ ಸೊಂಟದ ಮಟ್ಟಕ್ಕೆ ಒದ್ದೆ. ಕೈ ಇಟ್ಟರೆ ಸಾರಣೆ ಉದುರುತ್ತದೆ, ಬಿಳಿ ಪುಡಿ ಬರುತ್ತದೆ. ಮೇಸ್ತ್ರಿ ಬಂದು ನೋಡಿ, ಹಂಚು ಸರಿ ಮಾಡಿ ಗೋಡೆಗೆ ಎರಡು ಕೋಟು ವಾಟರ್‌ಪ್ರೂಫ್ ಬಳಿದರೆ ಆಯ್ತು ಅಂದ. ಬೆಂಗಳೂರಲ್ಲಿರುವ ಮೈದುನ, ಅದನ್ನು ಕೆಡವಿ ಆರ್‌ಸಿಸಿ (ಕಬ್ಬಿಣ ಹಾಕಿದ ಕಾಂಕ್ರೀಟ್) ಹಾಕಿಸಿ ಅತ್ತಿಗೆ ಅನ್ನುತ್ತಾನೆ. ನಮ್ಮ ಮನೆಯವರು, ಮೊದಲು ಬೆಕ್ಕನ್ನು ಕೇಳು ಅಂದರು.

ನನ್ನ ಹತ್ತಿರ ಇರುವುದು ಒಂದೂವರೆ ಲಕ್ಷ. ಜೂನ್ ಒಳಗೆ ಮುಗಿಯಬೇಕು. ಗಿರಾಕಿಯ ಮದುವೆ ಬ್ಲೌಸಿಗೆ ಬೂಷ್ಟು ಹಿಡಿದರೆ ನಾನು ಪೇಟೆಯಲ್ಲಿ ತಲೆ ಎತ್ತುವ ಹಾಗಿಲ್ಲ. ಏನು ಮಾಡಲಿ?

ಮುರಕಲ್ಲು (ಕುಂದಾಪುರ) · ಫೆಬ್ರವರಿ 9

ಅಕ್ಕ, ಬಣ್ಣದ ಡಬ್ಬಿ ಈಗಲೇ ತರಬೇಡಿ. ಒಂದು ವಿಷಯ ಹೇಳಿ. ಹಿಂದಿನ ಗೋಡೆ ಯಾವಾಗ ಒದ್ದೆಯಾಗುತ್ತದೆ, ಯಾವಾಗ ಒಣಗುತ್ತದೆ? ಹಂಚು ಸೋರುವ ದಿನವೇನಾ, ಅಥವಾ ಬೇರೆ ಲೆಕ್ಕವಾ?

ಇನ್ನೊಂದು, ಧರೆಗೂ ಗೋಡೆಗೂ ನಡುವೆ ಎಷ್ಟು ಜಾಗ ಇದೆ?

ಹೊಲಿಗೆಮನೆ · ಫೆಬ್ರವರಿ 10

ಒಳ್ಳೇ ಪ್ರಶ್ನೆ ಕೇಳಿದಿರಿ, ನಾನು ಯೋಚನೆಯೇ ಮಾಡಿರಲಿಲ್ಲ. ಹಂಚು ಜೂನ್ ಮೊದಲ ಮಳೆಗೇ ಸೋರುತ್ತದೆ. ಗೋಡೆ ಒದ್ದೆ ಕಾಣುವುದು ಜುಲೈ ನಡುವಿಗೆ. ಮಳೆ ನಿಂತರೂ ಒಣಗುವುದಿಲ್ಲ. ದೀಪಾವಳಿಗೆ ಇನ್ನೂ ತಣ್ಣಗೇ ಇರುತ್ತದೆ.

ಜಾಗ ಅಂತ ಇಲ್ಲ. ಧರೆಯ ಮಣ್ಣು ಗೋಡೆಗೇ ತಾಗಿಕೊಂಡಿದೆ, ಸುಮಾರು 3 ಅಡಿ ಎತ್ತರಕ್ಕೆ.

ಮುರಕಲ್ಲು · ಫೆಬ್ರವರಿ 10

ಹಾಗಾದರೆ ಅದು ಮಾಡಿನ (ಸೂರಿನ) ನೀರಲ್ಲ, ಧರೆಯ ಒರತೆ. ಮಾಡು ಸೋರಿದರೆ ಮಳೆ ಬಂದಾಗ ಒದ್ದೆ, ಬಿಟ್ಟಾಗ ಒಣಗಬೇಕು. ನಿಮ್ಮ ಗೋಡೆ ಒಂದೂವರೆ ತಿಂಗಳು ತಡವಾಗಿ ಒದ್ದೆಯಾಗುತ್ತದೆ, ತಡವಾಗಿ ಒಣಗುತ್ತದೆ. ಮಣ್ಣು ಪೂರ್ತಿ ನೆನೆದ ಮೇಲೆ ನೀರು ಗೋಡೆಗೆ ಬರುತ್ತಿದೆ. ಹಿಂದಿನ ಹಂಚಿನ ನೀರೂ ಅದೇ ಮಣ್ಣಿನ ಮೇಲೆ ಬೀಳುತ್ತಿದೆ ಅಲ್ವಾ?

ಒಳಗಿನಿಂದ ವಾಟರ್‌ಪ್ರೂಫ್ ಬಳಿದರೆ ಒಂದು ಮಳೆಗಾಲ ಚಂದ ಕಾಣುತ್ತದೆ. ಎರಡನೆಯದಕ್ಕೆ ಹಪ್ಪಳದ ಹಾಗೆ ಉಬ್ಬಿ ಬೀಳುತ್ತದೆ.

ನೆಲದ ಅನುಮಾನ ಇದ್ದರೆ ಹೀಗೆ ಮಾಡಿ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕಿಟ್ಟು ನಾಲ್ಕೂ ಕಡೆ ಟೇಪ್ ಅಂಟಿಸಿ. ಎರಡು ದಿನ ಬಿಡಿ. ಹಾಳೆಯ ಅಡಿಯಲ್ಲಿ ಹನಿ ಕಂಡರೆ ನೆಲದಿಂದ ತೇವ ಏಳುತ್ತಿದೆ. ಮೇಲ್ಗಡೆ ಹನಿ ಕಂಡರೆ ಅದು ಗಾಳಿಯ ತೇವ. ಆದರೆ ಈ ಬಿಸಿಲಲ್ಲಿ ಪರೀಕ್ಷೆ ಮಾಡಿ ಏನೂ ಇಲ್ಲ ಅಂತ ನಂಬಬೇಡಿ, ಅದರ ಅಸಲಿ ಉತ್ತರ ಆಗಸ್ಟಿನಲ್ಲೇ.

ಹಳೇಹಂಚು (ತೀರ್ಥಹಳ್ಳಿ) · ಫೆಬ್ರವರಿ 11

ಮುರಕಲ್ಲು ಹೇಳಿದ್ದು ಸರಿ. ನಾನು ಇದೇ ತಪ್ಪು ಮಾಡಿ ದುಡ್ಡು ಕಳೆದುಕೊಂಡವನು. ನಮ್ಮ ಕೊಟ್ಟಿಗೆಯನ್ನು ಮಗಳ ಟ್ಯೂಷನ್ ಕೋಣೆ ಮಾಡುವಾಗ ಮೊದಲು ಗೋಡೆಗೆ ಬಳಿದೆ, ಆಮೇಲೆ ನೆಲಕ್ಕೆ ಟೈಲ್ಸ್ ಹಾಕಿಸಿದೆ, ಕೊನೆಗೆ ಹಿಂದಿನ ಮಣ್ಣು ತೆಗೆಸಿದೆ. ಅಂದರೆ ಪೂರ್ತಿ ತಲೆಕೆಳಗು.

ಮೇಡಂ, ಮೊದಲು ಧರೆ. ಈಗಲೇ, ಮಣ್ಣು ಒಣಗಿರುವಾಗ. ಗೋಡೆಗೂ ಮಣ್ಣಿಗೂ ನಡುವೆ ಕನಿಷ್ಠ 2 ಅಡಿ ಬಿಡಿಸಿ. ಚರಂಡಿಯ ತಳ ಒಳಗಿನ ನೆಲಕ್ಕಿಂತ ಕೆಳಗಿರಬೇಕು, ಆದರೆ ಪಂಚಾಂಗದ (ಗೋಡೆಯ ಅಡಿಪಾಯದ) ಬುಡ ಬಿಚ್ಚಬೇಡಿ. ಒಂದೇ ದಿನ ಉದ್ದಕ್ಕೂ ಅಗೆಸಬೇಡಿ, 4 ಅಡಿ ತೆಗೆದು ನೋಡಿ ಮುಂದೆ ಹೋಗಿ. ಧರೆಯನ್ನು ನೆಟ್ಟಗೆ ಕಡಿಯಬೇಡಿ, ಓರೆಯಾಗಿ ಬಿಡಿ. ಜೆಸಿಬಿಯವನು ಅರ್ಧ ಗಂಟೆ ಕೆಲಸ ಅಂತಾನೆ. ಬೇಡ. ನೆಟ್ಟಗೆ ಕಡಿದ ಧರೆ ಜುಲೈನಲ್ಲಿ ಏನು ಮಾಡುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಆಮೇಲೆ ಒಳಗಿನ ಸಿಮೆಂಟ್ ಸಾರಣೆ. ಒದ್ದೆ ಇರುವ ಮಟ್ಟಕ್ಕಿಂತ ಒಂದು ಅಡಿ ಮೇಲಿನವರೆಗೆ ಕೆತ್ತಿಸಿ ಹಾಕಿ. ಮಾರ್ಚ್, ಏಪ್ರಿಲ್ ಪೂರ್ತಿ ಜಂಬಿಟ್ಟಿಗೆ ಬೆತ್ತಲೆ ಒಣಗಲಿ. ಜಂಬಿಟ್ಟಿಗೆ ನೀರು ಕುಡಿಯುತ್ತದೆ, ಬಿಡುತ್ತದೆ. ಅದರ ಮೈಮೇಲೆ ಸಿಮೆಂಟ್ ಬಳಿದರೆ ಬಿಡುವ ದಾರಿ ಮುಚ್ಚಿದ ಹಾಗೆ. ನೀರು ಇನ್ನೂ ಮೇಲೆ ಹತ್ತುತ್ತದೆ. ಮತ್ತೆ ಸಾರಣೆ ಮಾಡುವುದಾದರೆ ಸುಣ್ಣದ ಗಾರೆ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ನಿಧಾನಕ್ಕೆ ಗಟ್ಟಿಯಾಗುತ್ತದೆ, ಮೇಸ್ತ್ರಿ ಗೊಣಗುತ್ತಾನೆ. ಗೊಣಗಲಿ.

ಹಂಚಿಗೆ ದೊಡ್ಡ ಖರ್ಚಿಲ್ಲ. ಪೂರ್ತಿ ಇಳಿಸಿ ಕೈಯಾಡಿಸಿ, ಅಂದರೆ ಮತ್ತೆ ಸರಿಯಾಗಿ ಜೋಡಿಸಿ. ರೀಪು (ಹಂಚು ಕೂರುವ ಪಟ್ಟಿ) ಎಲ್ಲಿ ಕುಂಬಾಗಿದೆ ಅಷ್ಟು ಬದಲಿಸಿ, ಪಕಾಸಿಗೆ (ಅದರ ಅಡಿಯ ಇಳಿಜಾರು ಮರಕ್ಕೆ) ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹೊಡೆಸಿ, ಗೆದ್ದಲು ತಡೆಯಲು ಒಳ್ಳೆಯದು. ಹಂಚಿನ ಬೆನ್ನಿನ ಮೇಲೆ ಕಾರ್ಖಾನೆಯ ಹೆಸರು ಒತ್ತಿರುತ್ತದೆ, ನೋಡಿಕೊಳ್ಳಿ. ಒಂದು ಕಾರ್ಖಾನೆಯ ಹಂಚು ಇನ್ನೊಂದರ ಜೊತೆ ಸರಿಯಾಗಿ ಕಚ್ಚುವುದಿಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಶುರು ಮಾಡಿದ ಮೇಲೆ ಎಷ್ಟೋ ಕಾರ್ಖಾನೆ ಬಂದವು, ಎಷ್ಟೋ ಮುಚ್ಚಿದವು. ಕೆಡವುವ ಮನೆಗಳಲ್ಲಿ ಅದೇ ಹೆಸರಿನ ಹಂಚು ಹುಡುಕಿ. ಎರಡು ಗಾಜಿನ ಹಂಚು ಹಾಕಿಸಿ, ಸೂಜಿಗೆ ದಾರ ಪೋಣಿಸಲು ಹಗಲಲ್ಲಿ ಲೈಟು ಬೇಡ.

ಮುಂದಿನ ಶೀಟಿನ ಜಾಗಕ್ಕೆ ಹಂಚು ಹಾಕುವ ಆಸೆ ಬೇಡ. ಶೀಟಿನ ಇಳಿಜಾರು ಹಂಚಿಗೆ ಸಾಲದು, ನೀರು ಹಿಂದಕ್ಕೆ ಹತ್ತುತ್ತದೆ. ಅದು ಹಳೇ ಕಾಲದ ಶೀಟು ಅಂದರೆ ಕಲ್ನಾರಿನದು (ಆಸ್ಬೆಸ್ಟಾಸ್). ಒಡೆಯಬೇಡಿ, ಕತ್ತರಿಸಬೇಡಿ, ತೂತು ಕೊರೆಯಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರುವಂಥದ್ದು. ನೀರು ಚಿಮುಕಿಸಿ, ಮೂಗಿಗೆ ಒಳ್ಳೆ ಮಾಸ್ಕ್ ಹಾಕಿ, ಬೋಲ್ಟ್ ಬಿಚ್ಚಿ ಇಡಿಯಾಗಿ ಇಳಿಸಬೇಕು. ಅದರ ಜಾಗಕ್ಕೆ ಬಣ್ಣದ ತಗಡು ಹಾಕಿಸಿ. ತಗಡಿನ ಮೇಲಂಚು ಹಂಚಿನ ಅಡಿಗೆ ಒಂದು ಅಡಿ ಒಳಗೆ ಹೋಗಬೇಕು. ಸ್ಕ್ರೂ ಉಬ್ಬಿನ ಮೇಲೆ ಹೊಡೆಯಲಿ, ತಗ್ಗಿನಲ್ಲಲ್ಲ.

ಸಿಟಿಹುಡುಗ (ಬೆಂಗಳೂರು) · ಫೆಬ್ರವರಿ 11

ಇಷ್ಟೆಲ್ಲ ಯಾಕೆ ಆಂಟಿ? ಜಿಪ್ಸಂ ಸೀಲಿಂಗ್, ಗೋಡೆಗೆ ಪ್ಯಾನೆಲ್. ನಾಲ್ಕು ದಿನದಲ್ಲಿ ಶೋರೂಮ್ ಥರ ಆಗುತ್ತೆ.

ಹಳೇಹಂಚು · ಫೆಬ್ರವರಿ 11

ತಮ್ಮಾ, ಆ ಮಳೆಯಲ್ಲಿ ಜಿಪ್ಸಂ ಅಂದರೆ ಸಾರಲ್ಲಿ ಬಿದ್ದ ಬಿಸ್ಕತ್ತು. ಪ್ಯಾನೆಲ್ ಹಿಂದೆ ಗೆದ್ದಲು ಮನೆ ಕಟ್ಟಿದರೂ ಇವರಿಗೆ ಗೊತ್ತಾಗುವುದಿಲ್ಲ.

ಟೆಸ್ಟರ್ (ಶಿವಮೊಗ್ಗ) · ಫೆಬ್ರವರಿ 12

ಕರೆಂಟಿನ ಬಗ್ಗೆ ಯಾರೂ ಹೇಳಲಿಲ್ಲ. ಮನೆಯ ಯಾವುದೋ ಪ್ಲಗ್ಗಿನಿಂದ ವೈರ್ ಎಳೆಯಬೇಡಿ ಅಕ್ಕ. ಮೇನ್ ಬೋರ್ಡಿನಿಂದ ಬೇರೆ ಲೈನು, ಅದಕ್ಕೆ ಬೇರೆ ಎಂಸಿಬಿ (ಹೆಚ್ಚು ಕರೆಂಟು ಹರಿದರೆ ತಾನೇ ಆಫ್ ಆಗುವ ಸ್ವಿಚ್), ಜೊತೆಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಲೈನು ಕಡಿಯುವ ಸ್ವಿಚ್). ಒದ್ದೆ ಜಾಗ, ಇಸ್ತ್ರಿ ಪೆಟ್ಟಿಗೆ, ಮೋಟಾರ್ ಮಿಷನ್, ಮೂರೂ ಒಟ್ಟಿಗೆ ಇರುವಲ್ಲಿ ಇದರಲ್ಲಿ ಉಳಿತಾಯ ನೋಡಬೇಡಿ. ಅರ್ಥಿಂಗ್ ಪರೀಕ್ಷೆ ಮಾಡಿಸಿ. ಸ್ವಿಚ್ ಬೋರ್ಡ್ ಹಿಂದಿನ ಗೋಡೆಗೆ ಬೇಡವೇ ಬೇಡ. ಸಿಡಿಲು ಗುಡುಗು ಇದ್ದಾಗ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು.

ಮುರಕಲ್ಲು · ಫೆಬ್ರವರಿ 12

ನೆಲ ಮರೆತಿದ್ದೆ. ಆಯಿಲ್ ಕುಡಿದ ಸಿಮೆಂಟಿನ ಮೇಲೆ ಏನು ಹಾಕಿದರೂ ಹಿಡಿಯುವುದಿಲ್ಲ. ಒಡೆಸಿ. ಕಲ್ಲು ತುಂಬಿ ದಮ್ಮಸು ಮಾಡಿ (ಗುದ್ದಿ ಗಟ್ಟಿ ಮಾಡಿ), ಜಲ್ಲಿ ಹಾಕಿ, ಮೇಲೆ ದಪ್ಪ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚನ್ನು ಗೋಡೆಗೆ ಅರ್ಧ ಅಡಿ ಮಡಚಿ, ಆಮೇಲೆ 4 ಇಂಚು ಕಾಂಕ್ರೀಟ್. ಹೊಸ ನೆಲ ಅಂಗಳಕ್ಕಿಂತ 6 ಇಂಚಾದರೂ ಎತ್ತರ ಇರಲಿ. ಸುಣ್ಣ ಬೇಕಾದರೆ ನಮ್ಮ ಕಡೆ ಚಿಪ್ಪಿನ ಸುಣ್ಣ ಸಿಗುತ್ತದೆ, ಘಾಟಿ ಇಳಿದು ಬನ್ನಿ.

ಹೊಲಿಗೆಮನೆ · ನವೆಂಬರ್ 3

ಎಲ್ಲರಿಗೂ ಮತ್ತೆ ನಮಸ್ಕಾರ. ಒಂದು ಮಳೆಗಾಲ ಕಳೆಯಲಿ, ಆಮೇಲೇ ಬರೆಯೋಣ ಅಂತ ಸುಮ್ನೆ ಇದ್ದೆ.

ಮೊದಲು ಧರೆಯ ಸುದ್ದಿ. ಮಣ್ಣು ತೆಗೆಯಲು ಇಬ್ಬರು ಆಳು, ಆರು ದಿನ. ಎರಡನೇ ದಿನ ಗುದ್ದಲಿ ಠಣ್ ಅಂದಿತು. ನೋಡಿದರೆ ಕಲ್ಲು ಕಟ್ಟಿದ ಚರಂಡಿ! ಮಾವ ಕಟ್ಟಿಸಿದ್ದೇ. ಅತ್ತೆಯನ್ನು ಕೇಳಿದೆ. "ಹೌದು ಮಾರಾಯ್ತಿ, ಅಲ್ಲಿ ಒಬ್ಬರು ಓಡಾಡುವಷ್ಟು ಜಾಗ ಇತ್ತು. ಧರೆ ಜರಿದು ತುಂಬಿತು, ಇವರು ಆಮೇಲೆ ತೆಗೆಸುತ್ತೇನೆ ಅಂದರು" ಅಂದರು. ಆ ಆಮೇಲೆ ನನ್ನ ತಲೆಗೆ ಬಂತು. ಹಳೇ ಚರಂಡಿಯನ್ನೇ ಸರಿ ಮಾಡಿ ತೋಟದ ಕಡೆಗೆ ಬಿಟ್ಟೆವು. ಜುಲೈನಲ್ಲಿ ಅದರಲ್ಲಿ ಹರಿದ ನೀರು ನೋಡಿದಾಗ, ಇಷ್ಟು ದಿನ ಆ ಗೋಡೆ ನಿಂತದ್ದೇ ಹೆಚ್ಚು ಅನ್ನಿಸಿತು.

ಗೋಡೆ ಈ ವರ್ಷ ಪೂರ್ತಿ ಒಣಗಿತ್ತು ಅಂತ ಹೇಳಿದರೆ ಸುಳ್ಳು. ಆಗಸ್ಟಿನಲ್ಲಿ ಬುಡದಲ್ಲಿ ಒಂದು ಗೇಣು ಕಪ್ಪಾಯಿತು. ಆದರೆ ಸೊಂಟದವರೆಗೆ ಬರಲಿಲ್ಲ, ಸುಣ್ಣದ ಗಾರೆ ಉದುರಲೂ ಇಲ್ಲ. ಮೇಸ್ತ್ರಿ ಗೊಣಗಿದ್ದು ನಿಜ.

ನೆಲ ಮುರಕಲ್ಲು ಅಣ್ಣ ಹೇಳಿದ ಹಾಗೇ ಮಾಡಿಸಿ, ಮೇಲೆ ಕೆಂಪು ಕಾವಿ ನೆಲ. ಪ್ಲಾಸ್ಟಿಕ್ ಅಂಟಿಸಿ ಆಗಸ್ಟಿನಲ್ಲಿ ನೋಡಿದೆ, ಅಡಿಯಲ್ಲಿ ಹನಿ ಇಲ್ಲ.

ಎದುರಿನ 8 ಅಡಿ ಬಾಗಿಲಿನ ಜಾಗದಲ್ಲಿ ಗೋಡೆ ಎಬ್ಬಿಸಿ 3 ಅಡಿಯ ಬಾಗಿಲು, ಉಳಿದದ್ದಕ್ಕೆ ಕಿಟಕಿ. ತಪ್ಪಿದ್ದು ಇಲ್ಲೇ. ಬಾಗಿಲು ಪಶ್ಚಿಮಕ್ಕೆ, ಇರಚಲು ನೇರ ಹೊಡೆಯುತ್ತದೆ. ತಗಡು 2 ಅಡಿ ಮುಂದೆ ಚಾಚಿದ್ದು ಏನೂ ಸಾಲಲಿಲ್ಲ. ಕಿಟಕಿಯ ಸಂದಿಯಿಂದ ನೀರು ಬಂದು ಕಟಿಂಗ್ ಟೇಬಲ್ಲಿನ ಕಾಲು ನೆನೆಯಿತು, ಬಾಗಿಲು ಉಬ್ಬಿ ಹಾಕಲಾಗದೆ ಹೋಯಿತು. ಕೊನೆಗೆ ನಮ್ಮ ಮನೆಯವರು ಅಡಿಕೆ ಸೋಗೆಯ ತಟ್ಟಿ ಕಟ್ಟಿಕೊಟ್ಟರು. ಅಷ್ಟೆಲ್ಲ ಖರ್ಚು ಮಾಡಿ ಕೊನೆಗೆ ಕಾಪಾಡಿದ್ದು ಬಿಟ್ಟಿ ಸೋಗೆ.

ತಗಡಿನ ಸದ್ದು ಮಾತ್ರ ಯಾರೂ ಹೇಳಿರಲಿಲ್ಲ. ಮಳೆ ಜೋರಾದರೆ ಅಳತೆ ಕೊಡಲು ಬಂದವರು ಕಿರುಚಬೇಕು. ಒಬ್ಬರ ತೋಳು 9 ಅಂದದ್ದು 5 ಅಂತ ಕೇಳಿ ಹೊಲಿದಿದ್ದೇನೆ. ತಗಡಿನ ಅಡಿಗೆ ಬಿದಿರಿನ ಚಾಪೆ ಕಟ್ಟಿಸಿದ ಮೇಲೆ ಸ್ವಲ್ಪ ವಾಸಿ.

ಬಟ್ಟೆಗೆ ಬೂಷ್ಟು ಹಿಡಿಯಲಿಲ್ಲ. ಕಪಾಟಿನ ತಳದಲ್ಲಿ 40 ವ್ಯಾಟಿನ ಹಳೇ ಬಲ್ಬು ಉರಿಸುತ್ತೇನೆ, ಬಟ್ಟೆಗೆ ತಾಗದ ಹಾಗೆ ಸುತ್ತ ಜಾಲರಿ ಇದೆ. ಹೊಲಿಗೆ ಮಿಷನ್ನಿಗೆ ಮಾತ್ರ ತುಕ್ಕು ಬಂತು, ವಾರಕ್ಕೊಮ್ಮೆ ಎಣ್ಣೆ ಬಟ್ಟೆಯಲ್ಲಿ ಒರೆಸಬೇಕು.

ಒಟ್ಟು ಖರ್ಚು 1,62,000. ಹೆಚ್ಚಾದ 12 ಸಾವಿರ ಮಣ್ಣಿಗೆ ಮತ್ತು ಹಂಚಿಗೆ. ಹಂಚಿನ ವಿಷಯಕ್ಕೆ ಇನ್ನೊಂದು ಪ್ರಶ್ನೆ: ಮಂಗಗಳು ಹಾರಿ ಈಗಾಗಲೇ ಆರು ಒಡೆದಿವೆ. ಯಾರಾದರೂ ಮೇಲೆ ಬಲೆ ಹಾಕಿಸಿದ್ದೀರಾ?

ಹಳೇಹಂಚು · ನವೆಂಬರ್ 3

ಹಾಕಿಸಿದ್ದೇನೆ ಮೇಡಂ. ಈಗ ಬಲೆಯ ಮೇಲೆ ಕೂತು ಪೇರಳೆ ತಿನ್ನುತ್ತವೆ. 50 ಹಂಚು ಜಾಸ್ತಿ ತಂದಿಟ್ಟುಕೊಳ್ಳಿ, ಅದೇ ಹೆಸರಿನದ್ದು.