ಅದು ಸೋನಾಮುಖಿ ಅಲ್ಲ, ತಂಗಡಿ

ಪುಟ್ಟಿ, ಇಷ್ಟೆಲ್ಲ ಟೈಪ್ ಮಾಡುವುದು ನನ್ನ ಕೈಲಾಗುವುದಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ, ಕೆಲಸ ಮಾಡುತ್ತಾ ಕೇಳು. ನಾಗಮಂಗಲದ ಜಮೀನಿನ ಬದುವಿನಲ್ಲಿ ಹಳದಿ ಹೂ ಬಿಟ್ಟ ಗಿಡದ ಫೋಟೋ ನಮ್ಮ ಗುಂಪಿಗೆ ಹಾಕಿ, ಇದರ ಹೆಸರೇನು, ಜೆಸಿಬಿ ಬಂದಾಗ ಕೀಳಿಸಿಬಿಡಲಾ ಅಂತ ಕೇಳಿದ್ದೀಯಲ್ಲ. ಅದಕ್ಕೆ ಭಾವನವರು, ಅದು ಸೋನಾಮುಖಿ, ಎಲೆ ಪುಡಿ ಮಾಡಿ ರಾತ್ರಿ ಕುಡಿದರೆ ಬೆಳಿಗ್ಗೆ ಹೊಟ್ಟೆ ಸಾಫ್ ಅಂತ ಬರೆದಿದ್ದಾರೆ. ಭಾವ, ಬೇಜಾರು ಮಾಡಿಕೊಳ್ಳಬೇಡಿ. ಅದು ಸೋನಾಮುಖಿ ಅಲ್ಲ, ತಂಗಡಿ.

ಆವರಿಕೆ, ಹೊನ್ನಾವರಿಕೆ ಅಂತಲೂ ಕರೆಯುತ್ತಾರೆ. ಸೋನಾಮುಖಿಗೆ ಇನ್ನೊಂದು ಹೆಸರು ನೆಲಾವರಿಕೆ. ಎಡವಟ್ಟು ಆಗುವುದು ಅಲ್ಲೇ. ಎರಡೂ ಸೆನ್ನಾ ಅನ್ನುವ ಒಂದೇ ಕುಲದ ಗಿಡಗಳು ಅನ್ನುವುದು ನಿಜ, ಆದರೆ ಭೇದಿಗೆ ಹಾಕುವ ಸೋನಾಮುಖಿಯನ್ನು ತಮಿಳುನಾಡಿನ ತಿರುನೆಲ್ವೇಲಿ ಕಡೆ ಹೊಲದಲ್ಲಿ ಬೆಳೆಯುತ್ತಾರೆ. ನಮ್ಮ ಬದುವಿನಲ್ಲಿ ತಾನಾಗಿ ಹುಟ್ಟುವುದು ತಂಗಡಿ.

ಗುರುತು ಹಿಡಿಯುವುದು ಸುಲಭ. ಎಲೆಕಡ್ಡಿ ಕೊಂಬೆಗೆ ಸೇರುವ ಜಾಗ ನೋಡು. ಎರಡು ಪುಟ್ಟ ಕಿವಿಯ ಹಾಗೆ ಹಸಿರು ಎಸಳು ಅಂಟಿಕೊಂಡಿರುತ್ತವೆ. ನಿನ್ನ ಎರಡನೇ ಫೋಟೋದಲ್ಲಿ ಚೆನ್ನಾಗಿ ಕಾಣುತ್ತಿದೆ. ಕಾಯಿ ಚಪ್ಪಟೆ, ಒಣಗಿದರೆ ತೆಳ್ಳಗೆ ಕಾಗದದ ಹಾಗೆ ಆಗುತ್ತದೆ. ಬಂಡೀಪುರ, ನಾಗರಹೊಳೆ ಕಡೆ ಕಾರಿನಲ್ಲಿ ಹೋಗುವಾಗ ಹಳದಿ ಹೂವಿನ ಮರಗಳು ಕಾಣುತ್ತವಲ್ಲ, ಅದರಲ್ಲಿ ಒಂದು ಬೇರೆಯದೇ ಸೆನ್ನಾ. ಅಮೆರಿಕ ಖಂಡದಿಂದ ಬಂದದ್ದು, ಕಾಡನ್ನೇ ನುಂಗುತ್ತಿದೆ, ಅರಣ್ಯ ಇಲಾಖೆಯವರು ಕಿತ್ತು ಸುಸ್ತಾಗಿದ್ದಾರೆ. ಅದರ ಕಾಯಿ ಕೋಲಿನ ಹಾಗೆ ಗುಂಡಗೆ, ಉದ್ದಕ್ಕೆ ಇರುತ್ತದೆ. ಅದರ ಸುದ್ದಿ ಓದಿ ಹಳದಿ ಹೂ ಕಂಡಲ್ಲೆಲ್ಲ ಕೊಡಲಿ ಎತ್ತಬಾರದು. ತಂಗಡಿ ಇಲ್ಲಿಯದೇ ಗಿಡ.

ಉಪಯೋಗ ಏನು ಅಂತ ಕೇಳಿದೆ. ಈಗ ಯಾವ ಗಿಡದ ಹೆಸರು ಹೇಳಿದರೂ ಮೊದಲು ಬರುವ ಮಾತು ಶುಗರ್‌ಗೆ ಒಳ್ಳೆಯದು ಅಂತ. ನನಗೆ ಅದು ಕೇಳಿ ಕೇಳಿ ಸಾಕಾಗಿದೆ. ತಂಗಡಿ ಬಾಳಿದ್ದು ಔಷಧಿಯಾಗಿ ಮಾತ್ರ ಅಲ್ಲ. ಅದರ ದೊಡ್ಡ ಕೆಲಸ ಇದ್ದದ್ದು ಗದ್ದೆಯಲ್ಲಿ ಮತ್ತು ಚರ್ಮ ಹದ ಮಾಡುವ ಕಡೆ.

ನಾಟಿಗೆ ಮುಂಚೆ ಗದ್ದೆಗೆ ನೀರು ಕಟ್ಟಿ ಕೆಸರು ಮಾಡುತ್ತಾರಲ್ಲ, ಆಗ ಹೊಂಗೆ ಸೊಪ್ಪು, ತಂಗಡಿ ಸೊಪ್ಪು ಹೊರೆಗಟ್ಟಲೆ ತಂದು ಹರಡಿ ತುಳಿಯುತ್ತಿದ್ದರು. ಸೊಪ್ಪು ಕೆಸರಿನಲ್ಲಿ ಕೊಳೆತು ಗೊಬ್ಬರ ಆಗುತ್ತಿತ್ತು. ಯೂರಿಯಾ ಮೂಟೆ ಬಂದ ಮೇಲೆ ಸೊಪ್ಪು ಹೊರುವವರು ಯಾರು? ನಾಲೆ ನೀರು ಹರಿಯುವ ಮಂಡ್ಯ, ಮದ್ದೂರಿನ ಬಯಲಿನಲ್ಲಿ ಬದು ಎಲ್ಲಾ ಕಬ್ಬಿಗೆ ಹೋಯಿತು. ತಂಗಡಿಗೆ ಬೇಕಾದ್ದು ಬೀಳು, ಕಲ್ಲು ನೆಲ. ಬಿಸಿಲು ಎಷ್ಟಿದ್ದರೂ ತಡೆಯುತ್ತದೆ, ದನ ಮೇಕೆಯೂ ಬಾಯಿ ಹಾಕುವುದಿಲ್ಲ. ಅದಕ್ಕೇ ನಿನ್ನ ಬದುವಿನಲ್ಲಿ ಇನ್ನೂ ಉಳಿದಿದೆ.

ಇನ್ನು ತೊಗಟೆ. ಅದರಲ್ಲಿ ಟ್ಯಾನಿನ್ ಜಾಸ್ತಿ. ಚರ್ಮ ಕೊಳೆಯದ ಹಾಗೆ ಹದ ಮಾಡುವುದು ಅದೇ. ಮದ್ರಾಸ್ ಕಡೆಯಿಂದ ಹಡಗಿನಲ್ಲಿ ಹೊರದೇಶಕ್ಕೆ ಹೋಗುತ್ತಿದ್ದ ಚರ್ಮ ಈ ತೊಗಟೆಯಲ್ಲೇ ಹದವಾಗುತ್ತಿತ್ತು. ಆಮೇಲೆ ದಕ್ಷಿಣ ಆಫ್ರಿಕಾದಿಂದ ವ್ಯಾಟಲ್ ಮರದ ತೊಗಟೆ ಬರತೊಡಗಿತು, ಇದರ ಬೇಡಿಕೆ ಇಳಿಯಿತು. ಇಂಗ್ಲಿಷಿನವರು ತಂಗಡಿಗೆ ಟ್ಯಾನರ್ಸ್ ಕ್ಯಾಸಿಯಾ, ಅಂದರೆ ಚರ್ಮ ಹದ ಮಾಡುವವರ ಕ್ಯಾಸಿಯಾ ಅಂತಲೇ ಹೆಸರಿಟ್ಟಿದ್ದಾರೆ. ಔಷಧಿ ಗಿಡ ಅಂತ ಇಡಲಿಲ್ಲ, ನೋಡಿ ಭಾವ!

ಹೂವಿನ ಮಾತು ಬಿಟ್ಟರೆ ಅತ್ತಿಗೆ ನನ್ನನ್ನು ಬಿಡುವುದಿಲ್ಲ. ಹೂವನ್ನು ನೆರಳಿನಲ್ಲಿ ಒಣಗಿಸಿ, ಹೆಸರುಕಾಳು, ಕಸ್ತೂರಿ ಅರಿಶಿನದ ಜೊತೆ ಪುಡಿ ಮಾಡಿ ಸ್ನಾನಕ್ಕೆ ಹಚ್ಚಿಕೊಳ್ಳುತ್ತಾರೆ. ಸೋಪಿಗಿಂತ ಹಿತ, ನಾನೂ ಹಚ್ಚಿಕೊಳ್ಳುತ್ತೇನೆ. ಒಣ ಹೂ ಹಾಕಿ ಕುದಿಸಿ ಟೀ ತರಹ ಕುಡಿಯುವವರೂ ಇದ್ದಾರೆ. ತಮಿಳುನಾಡಿನಲ್ಲಿ ಪೊಂಗಲ್ ಹೊತ್ತಿಗೆ ಮನೆ ಬಾಗಿಲಿಗೆ ಇದನ್ನು ಕಟ್ಟುತ್ತಾರೆ. ತೆಲಂಗಾಣದಲ್ಲಂತೂ ಬತುಕಮ್ಮ ಹಬ್ಬಕ್ಕೆ ಗೋಪುರದ ಹಾಗೆ ಜೋಡಿಸುವ ಹೂಗಳಲ್ಲಿ ಇದು ಮುಖ್ಯ, ಅವರ ರಾಜ್ಯದ ಹೂವೂ ಇದೇ. ನಮ್ಮಲ್ಲಿ ಮಾತ್ರ ಬೇಲಿ ಗಿಡ.

ಶುಗರ್ ವಿಷಯ. ತಮಿಳುನಾಡಿನ ಸಿದ್ಧ ವೈದ್ಯದಲ್ಲಿ ಇದನ್ನು ಬಳಸುತ್ತಾರೆ. ಇಲಿಗಳ ಮೇಲೆ ಪ್ರಯೋಗ ಮಾಡಿದಾಗ ಸಕ್ಕರೆ ಇಳಿದದ್ದೂ ಉಂಟು. ಆದರೆ ನಮ್ಮ ಗುಂಪಿನಲ್ಲಿ ಅರ್ಧ ಜನ ಶುಗರ್ ಮಾತ್ರೆ ತಿನ್ನುವವರು. ಮಾತ್ರೆ ಬಿಟ್ಟು ಕಷಾಯ ಹಿಡಿಯುವುದು ಬೇಡ. ಮಾತ್ರೆಯ ಜೊತೆ ಕಷಾಯವೂ ಸೇರಿ ಸಕ್ಕರೆ ತೀರಾ ಇಳಿದರೆ ತಲೆ ಸುತ್ತಿ ಬೀಳುತ್ತೀರಿ. ಕುಡಿಯಲೇಬೇಕು ಅನ್ನುವವರು ಡಾಕ್ಟರನ್ನು ಕೇಳಿ ಕುಡಿಯಿರಿ. ಬಸುರಿಯರಿಗೆ ಬೇಡವೇ ಬೇಡ. ಹೂ ಬೇಕಿದ್ದರೆ ಮೈಸೂರಿನ ದೇವರಾಜ ಮಾರ್ಕೆಟ್ಟಿನ ಗ್ರಂಥಿಗೆ ಅಂಗಡಿಯಲ್ಲಿ ಕೇಳಿ ನೋಡಿ. ಹೆದ್ದಾರಿ ಪಕ್ಕದ ಗಿಡದಿಂದ ಮಾತ್ರ ಕೀಳಬೇಡಿ, ಎಲ್ಲಾ ಹೊಗೆ, ಧೂಳು.

ಈಗ ಜೆಸಿಬಿಯ ಪ್ರಶ್ನೆ. ಪುಟ್ಟಿ, ಕೀಳಿಸಬೇಡ. ಬದುವಿನ ಮಣ್ಣು ಮಳೆಗೆ ಕೊಚ್ಚಿ ಹೋಗದೆ ನಿಂತಿದ್ದರೆ ಅದರ ಬೇರಿನ ಪಾಲೂ ಇದೆ. ಬೆಳಿಗ್ಗೆ ಹೊತ್ತು ಹೋಗಿ ಐದು ನಿಮಿಷ ನಿಂತು ನೋಡು. ದೊಡ್ಡ ಕರಿ ದುಂಬಿ ಬಂದು ಹೂವನ್ನು ತಬ್ಬಿಕೊಂಡು ಝುಂಯ್ ಅಂತ ಅಲುಗಿಸುತ್ತದೆ. ಈ ಹೂವಿನಲ್ಲಿ ಮಕರಂದ ಇಲ್ಲ, ಇರುವುದು ಪರಾಗ. ಅದೂ ಕೇಸರದ ತುದಿಯ ಸಣ್ಣ ತೂತಿನಿಂದ, ಹಾಗೆ ಅಲುಗಿಸಿದರೇನೇ ಉದುರುವುದು. ಆ ದುಂಬಿಗಳೇ ನಿನ್ನ ಬದನೆ, ಟೊಮೇಟೊ ಹೂವಿಗೂ ಬರುತ್ತವೆ, ಅಲ್ಲಿಯೂ ಇದೇ ಕೆಲಸ.

ದಾರಿಗೆ ಅಡ್ಡ ಬಂದ ಕೊಂಬೆ ಕಡಿಸು, ಮತ್ತೆ ಚಿಗುರುತ್ತದೆ. ಕಡಿದ ಸೊಪ್ಪನ್ನು ಸುಡಬೇಡ, ತೆಂಗಿನ ಬುಡಕ್ಕೆ ಹಾಕಿಸು. ಕಾಯಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಒಂದು ಹಿಡಿ ಕಿತ್ತು ಕವರಿಗೆ ಹಾಕಿಡು, ಹಸಿರು ಕಾಯಿ ಬೇಡ. ಮೈಸೂರಿಗೆ ಬರುವಾಗ ತಂದುಕೊಟ್ಟರೆ ಇಲ್ಲಿ ಕಾಂಪೌಂಡಿನ ಹೊರಗೆ ಖಾಲಿ ಜಾಗ ಇದೆ, ಹಾಕುತ್ತೇನೆ.