ಸಹಾಯ ಬೇಕು: ವೇದಾವತಿ ‘ಮೇಲಕ್ಕೆ’ ಹರಿಯುವುದಿಲ್ಲ ಎಂದು ಮಕ್ಕಳಿಗೆ ತೋರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಹಿರಿಯೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಆರನೇ ತರಗತಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಸೀಮೆಯ ಬೆಟ್ಟ, ಹೊಳೆಗಳನ್ನು ಗೂಗಲ್ ಮ್ಯಾಪ್‌ನಲ್ಲಿ ತೋರಿಸುತ್ತಿದ್ದೆ. ವೇದಾವತಿ ಹೊಳೆಗೆ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ಕಂಡೊಡನೆ ಮಕ್ಕಳು ‘ನಮ್ಮ ಮಾರಿಕಣಿವೆ!’ ಎಂದು ಕುಣಿದರು. ಎರಡು ಗುಡ್ಡಗಳ ಸಂದಿಗೆ ಅಡ್ಡಲಾಗಿ ಅಣೆಕಟ್ಟು ನಿಂತಿರುವುದು ಉಪಗ್ರಹ ಚಿತ್ರದಲ್ಲಿ ಅಷ್ಟು ಚೆನ್ನಾಗಿ ಕಾಣುತ್ತದೆ.

ತೊಡಕು ಅಲ್ಲಿಂದಾಚೆಗೆ. ಹಿರಿಯೂರು ದಾಟಿದ ವೇದಾವತಿ ಈಶಾನ್ಯಕ್ಕೆ ಸಾಗುತ್ತದೆ. ಹುಡುಗಿಯೊಬ್ಬಳು ಪರದೆಯ ಮೇಲೆ ಬೆರಳೆಳೆದು, ‘ಟೀಚರ್, ನೀರು ಮೇಲಕ್ಕೆ ಹೇಗೆ ಹತ್ತುತ್ತದೆ?’ ಎಂದಳು. ಎಷ್ಟು ಒಳ್ಳೆಯ ಪ್ರಶ್ನೆ! ನಕ್ಷೆಯಲ್ಲಿ ಮೇಲೆ ಎಂದರೆ ಉತ್ತರ, ಎತ್ತರವಲ್ಲ ಎಂದೆ. ತಲೆಯಾಡಿಸಿದರು, ಆದರೆ ಮುಖದಲ್ಲಿ ನಂಬಿಕೆ ಇರಲಿಲ್ಲ. ನೆಲದ ಉಬ್ಬುತಗ್ಗು ತೋರಿಸುವ ಟೆರೇನ್ ನೋಟದಲ್ಲಿ ಜೋಗಿಮಟ್ಟಿ ಬೆಟ್ಟ ಉಬ್ಬಿ ಕಾಣುತ್ತದೆ, ಹೊಳೆಯ ಇಳಿಜಾರು ಮಾತ್ರ ಗೊತ್ತಾಗುವುದೇ ಇಲ್ಲ. ಗೂಗಲ್ ಅರ್ಥ್‌ನಲ್ಲಿ ಓರೆಯಾಗಿಸಿ ನೋಡಿದರೂ ಬಯಲು ಚಪ್ಪಟೆಯೇ. ನನ್ನ ಬಳಿ ಇರುವುದು ಮೊಬೈಲ್ ಒಂದೇ.

ಹಿರಿಯೂರಿನಿಂದ ಪರಶುರಾಂಪುರದ ಕಡೆಗೆ ಹೊಳೆಯುದ್ದಕ್ಕೂ ನೆಲದ ಮಟ್ಟ ಇಳಿಯುತ್ತಾ ಹೋಗುವುದನ್ನು ಗೆರೆಯಾಗಿ ತೋರಿಸುವ, ಮೊಬೈಲಿನಲ್ಲೇ ನಡೆಯುವ ಉಚಿತ ನಕ್ಷೆ ಯಾವುದು? ಬಳಸುವ ಕ್ರಮವನ್ನೂ ದಯವಿಟ್ಟು ತಿಳಿಸುವಿರಾ?